ಭೂಮಿಯನ್ನು ಏಳು ಸುತ್ತು ಹಾಕಿದ ಬೈಕು

ನನ್ನ ಹೆಂಡತಿ ಆರ್ಡಿತ್ ಅರ್ಧ ಹಂದಿ ಕೊಂಡಳು. ನನ್ನ ಮಾನ ಹೋಗುವುದಕ್ಕೆ ಶುರುವಾದದ್ದು ಅಲ್ಲಿಂದ.

ಉಳಿದರ್ಧ ಅವಳ ತಂಗಿಯದು. ಚಳಿಗಾಲ ಹತ್ತಿರ ಬಂತೆಂದರೆ ಅಕ್ಕತಂಗಿಯರು ಒಂದು ಹಂದಿಯನ್ನು ಪಾಲು ಮಾಡಿಕೊಂಡು, ಊರಿನ ಮಾಂಸದಂಗಡಿಯಲ್ಲಿ ಕೊಯ್ಯಿಸಿ ಫ್ರೀಜರಿಗೆ ತುಂಬುತ್ತಾರೆ. ಈ ಸಲ ಹಳೆಯ ಫ್ರೀಜರು ಕೈಕೊಟ್ಟಿತ್ತು. ಹೊಸದು ಶವಪೆಟ್ಟಿಗೆಯಷ್ಟು ಉದ್ದ. ಅದನ್ನು ಇಡಲು ಇಡೀ ಮನೆಯಲ್ಲಿ ಒಂದೇ ಜಾಗ, ಗ್ಯಾರೇಜಿನಲ್ಲಿ ಪ್ಲಗ್ಗಿನ ಪಕ್ಕ. ಆ ಜಾಗದಲ್ಲಿ ಹದಿನಾಲ್ಕು ವರ್ಷಗಳಿಂದ ನನ್ನ ಬೈಕು ವಿರಾಜಮಾನವಾಗಿತ್ತು.

"ರೀ, ಶನಿವಾರ ಫ್ರೀಜರ್ ಬರುತ್ತೆ," ಎಂದಳು ಆರ್ಡಿತ್.

"ಬರಲಿ. ಅಡುಗೆಮನೆಯಲ್ಲಿ ಇಟ್ಕೋ."

"ನಿಮ್ಮನ್ನ ಎಲ್ಲಿ ಇಟ್ಕೊಳ್ಲಿ? ಆ ಬೈಕು ಮಾರಿ. ಐಸ್‌ಕ್ರೀಮ್ ಅಂಗಡಿಗೆ ಹೋಗಿ ಬರೋಕೆ ಒಂದು ಬೈಕು ಬೇಕಾ? ಮಂಡಿ ಆಪರೇಷನ್ ಆದಮೇಲಂತೂ ಅದನ್ನ ಹತ್ತೋಕೆ ಸ್ಟೂಲ್ ಹಾಕ್ಕೋತೀರಿ. ಇಳಿಯೋಕೆ ನನ್ನ ಕೂಗ್ತೀರಿ."

ಸ್ಟೂಲಿನ ವಿಷಯ ನಿಜ. ಕೂಗುವ ವಿಷಯ ಸ್ವಲ್ಪ ಉತ್ಪ್ರೇಕ್ಷೆ. (ಎರಡೇ ಸಲ ಕೂಗಿದ್ದು.) ಆದರೂ ಮನಸ್ಸು ಕಲ್ಲು ಮಾಡಿಕೊಂಡು ಜಾಹೀರಾತು ಹಾಕಿದೆ: 'ಹದಿನಾಲ್ಕು ವರ್ಷ ಒಬ್ಬನೇ ಕೈಯಲ್ಲಿ ಬಳಕೆಯಾದ ಬೈಕು. ಮಾರುವವನು ಪ್ರಾಮಾಣಿಕ.'

ಪ್ರಾಮಾಣಿಕ ಎಂಬ ಮಾತು ನಾನು ಸುಮ್ಮನೆ ಬರೆದದ್ದಲ್ಲ. ವೆಂಡೆಲ್ ಹೌಗನ್ ಎಂದರೆ ಇಪ್ಪತ್ತೊಂಬತ್ತು ವರ್ಷ ಈ ಜಿಲ್ಲೆಯ ತೂಕ ಮತ್ತು ಅಳತೆ ಇನ್‌ಸ್ಪೆಕ್ಟರ್. ಸುತ್ತಮುತ್ತ ಯಾವ ಪೆಟ್ರೋಲ್ ಬಂಕಿಗೆ ಹೋದರೂ ಪಂಪಿಗೆ ಅಂಟಿಸಿದ ಚೀಟಿಯ ಮೇಲೆ ನನ್ನ ಸಹಿ ಇರುತ್ತಿತ್ತು. ನಿವೃತ್ತನಾಗಿ ನಾಲ್ಕು ವರ್ಷವಾದರೂ ಕೆಲವು ಚೀಟಿ ಇನ್ನೂ ಹಾಗೇ ಇವೆ. ನಮ್ಮ ಚರ್ಚಿನ ಹೆಂಗಸರು ಕ್ರಿಸ್‌ಮಸ್‌ಗೆ ಮಿಠಾಯಿ ಮಾರುತ್ತಿದ್ದ ತಕ್ಕಡಿಯನ್ನೂ ನಾನು ಬಿಟ್ಟವನಲ್ಲ, ಸರಿಯಿಲ್ಲವೆಂದು ಎತ್ತಿಡಿಸಿದೆ. (ಆ ಹೆಂಗಸರ ಕಮಿಟಿಯ ಅಧ್ಯಕ್ಷೆ ಆರ್ಡಿತ್. ಆ ವಾರವೆಲ್ಲ ನನ್ನ ಅಡುಗೆ ನಾನೇ ಮಾಡಿಕೊಂಡೆ.) ಜನ ನನ್ನನ್ನು ಪ್ರೀತಿಸಿದರು ಎಂದು ಹೇಳಲಾರೆ. ನಂಬಿದ್ದರು. ಅಷ್ಟು ಸಾಕಿತ್ತು ನನಗೆ.

ಭಾನುವಾರ ಮಧ್ಯಾಹ್ನ ಬೈಕು ನೋಡಲು ರೆನೇ ಸ್ಟಾಲ್ಟ್ಸ್ ಎಂಬ ಹೆಂಗಸು ಬಂದಳು. ಪಕ್ಕದ ಊರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಾಳೆ. ದಿನಾ ಅರವತ್ತು ಮಕ್ಕಳ ಗದ್ದಲ ಕೇಳಿ ಕೇಳಿ, ಭಾನುವಾರವಾದರೂ ಒಬ್ಬಳೇ ಎಲ್ಲಿಗಾದರೂ ಹೋಗಬೇಕು ಎಂಬ ಆಸೆ. ಬೈಕನ್ನು ಸುತ್ತಿ ನೋಡಿದಳು, ಓಡಿಸಿ ನೋಡಿದಳು, ಮುಖ ಅರಳಿತು. "ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ!" ಎಂದಳು. ನಾನು ಉಬ್ಬಿಹೋಗಿ ಒಳಗಿಂದ ಟೈಟಲ್ ತಂದು ಅವಳ ಕೈಗಿಟ್ಟೆ. ಟೈಟಲ್ ಎಂದರೆ ಗಾಡಿ ಯಾರದು, ಅವರ ಕೈಗೆ ಬಂದಾಗ ಎಷ್ಟು ಮೈಲಿ ಓಡಿತ್ತು ಎಂದು ಸರ್ಕಾರ ಮುದ್ರಿಸಿ ಕೊಡುವ ಕಾಗದ. ಅದು ಹದಿನಾಲ್ಕು ವರ್ಷ ಬೀರುವಿನಲ್ಲಿ ಮಲಗಿತ್ತು.

ರೆನೇ ಕಾಗದ ನೋಡಿದಳು. ಬಗ್ಗಿ ಬೈಕಿನ ಮೀಟರು ನೋಡಿದಳು. ಮತ್ತೆ ಕಾಗದ ನೋಡಿದಳು. ಕೊನೆಗೆ ನನ್ನನ್ನು ನೋಡಿದಳು.

"ಸರ್, ಮೀಟರಿನಲ್ಲಿ ಇಪ್ಪತ್ತೊಂದು ಸಾವಿರದ ಒಂಬೈನೂರ ಅರವತ್ತು ಮೈಲಿ ಇದೆ."

"ಹೌದಮ್ಮ. ತುಂಬ ಕಮ್ಮಿ ಓಡಿಸಿದೀನಿ."

"ನೀವು ತಗೊಂಡಾಗಲೇ ಒಂದು ಲಕ್ಷ ಎಂಬತ್ತಮೂರು ಸಾವಿರ ಓಡಿತ್ತು ಅಂತ ಇಲ್ಲಿದೆಯಲ್ಲ? ಮಿಕ್ಕಿದ್ದೆಲ್ಲ ಎಲ್ಲಿಗೆ ಹೋಯ್ತು?"

ಕಾಗದ ಕಿತ್ತುಕೊಂಡು ನೋಡಿದೆ. 183427. ಕಣ್ಣಿಗೆ ಹೊಡೆಯುವ ಹಾಗೆ ಅಚ್ಚಾಗಿ ಕೂತಿತ್ತು. ಅಷ್ಟು ದೂರ ಓಡಬೇಕಾದರೆ ಆ ಬೈಕು ಭೂಮಿಯನ್ನು ಏಳು ಸುತ್ತು ಹಾಕಿರಬೇಕು ಎಂದು ಗಟ್ಟಿಯಾಗಿಯೇ ಲೆಕ್ಕ ಹಾಕಿದೆ.

ಬಾಗಿಲಲ್ಲಿ ನಿಂತಿದ್ದ ಆರ್ಡಿತ್, "ಏಳು ಸುತ್ತಾ? ನನ್ನನ್ನ ಪಕ್ಕದ ಊರಿನ ಮೀನೂಟಕ್ಕೂ ಕರ್ಕೊಂಡು ಹೋಗಿಲ್ಲ," ಎಂದಳು.

ಒಂದು ನಿಮಿಷ ಬಿಟ್ಟು ನನಗೆ ಹೊಳೆಯಿತು. ಆ ಹಳೆಯ ಮೀಟರಿನಲ್ಲಿ ಆರು ಅಂಕಿ. ಮೊದಲ ಐದು ಕಪ್ಪು ಚೌಕದಲ್ಲಿವೆ, ಅವು ಮೈಲಿ. ಕೊನೆಯದು ಬಿಳಿ ಚೌಕದಲ್ಲಿದೆ, ಅದು ಮೈಲಿಯ ಹತ್ತನೇ ಒಂದು ಪಾಲು. ಅದನ್ನು ಬಿಟ್ಟು ಬರೆಯಬೇಕು. ಹದಿನೆಂಟು ಸಾವಿರದ ಮುನ್ನೂರ ನಲವತ್ತೆರಡು ಎಂದು ಬರೆಯುವ ಕಡೆ ಯಾರೋ ಪುಣ್ಯಾತ್ಮರು ಆ ಬಿಳಿ ಏಳನ್ನೂ ಸೇರಿಸಿ ಹತ್ತು ಪಟ್ಟು ಮಾಡಿಬಿಟ್ಟಿದ್ದರು.

ಇದನ್ನೆಲ್ಲ ರೆನೇಗೆ ವಿವರಿಸಿದೆ. ಅವಳು ತಲೆಯಾಡಿಸಿದಳು. ಬಸ್ಸಿನ ಗಾಜು ತಾನಾಗೇ ಒಡೆಯಿತು ಎಂದು ಮಕ್ಕಳು ಹೇಳಿದಾಗ ಅವಳು ಹೀಗೇ ತಲೆಯಾಡಿಸುತ್ತಿರಬೇಕು.

"ಪಂಪಿನ ಚೀಟಿ ಮೇಲೆ ಹೆಸರಿರೋದು ನಿಮ್ಮದೇ ಅಲ್ವಾ ಸರ್?" ಎಂದಳು, ಮೆತ್ತಗೆ. "ಶನಿವಾರದೊಳಗೆ ಕಾಗದ ಸರಿ ಮಾಡ್ಸಿದ್ರೆ ತಗೋತೀನಿ. ಮೀಟರ್ ಹಿಂದಕ್ಕೆ ತಿರುಗಿಸಿದ ಗಾಡಿ ಮಾತ್ರ ನನಗೆ ಬೇಡ."

ಹಿಂದಕ್ಕೆ ತಿರುಗಿಸಿದ ಗಾಡಿ! ನನ್ನ ಗ್ಯಾರೇಜಿನಲ್ಲಿ, ನನ್ನ ಮುಖಕ್ಕೇ!

ಸೋಮವಾರ ಬೆಳಿಗ್ಗೆ ಕಾಫಿ ಕುಡಿಯಲು ಊರಿನ ಹೋಟೆಲಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಬಂದು ಕೂತಿತ್ತು. ದಿನಾ ಅಲ್ಲಿ ಕೂರುವ ರೈತ ಗಾರ್ಡಿ ಕುರ್ಚಿ ಎಳೆದು, "ಬಾರಪ್ಪ ಬಾ, ಲಕ್ಷ ಮೈಲಿ ನುಂಗಿದ ಹೊಟ್ಟೆ, ಆಮ್ಲೆಟ್‌ಗೆ ಜಾಗ ಇದೆಯೋ ಇಲ್ವೋ?" ಎಂದ. ನಾನು ಕಾಫಿ ಅರ್ಧ ಬಿಟ್ಟು ಎದ್ದು ನೇರ ಟೈಟಲ್ ಕಚೇರಿಗೆ ನಡೆದೆ.

ಅಲ್ಲಿನ ಗುಮಾಸ್ತೆ ಲೊರೇನ್ ಕನ್ನಡಕದ ಮೇಲಿಂದ ನೋಡಿ, "ಎರಡು ದಾರಿ ಇದೆ," ಎಂದಳು. "ಒಂದು, 'ಈ ಗಾಡಿಯ ಮೈಲಿ ನಿಜವಲ್ಲ' ಅನ್ನೋ ಚೌಕಕ್ಕೆ ಟಿಕ್ ಹಾಕಿ. ಅದು ಟೈಟಲ್ ಮೇಲೆ ಅಚ್ಚಾಗುತ್ತೆ."

"ಎಷ್ಟು ದಿನ ಇರುತ್ತೆ?"

"ಗಾಡಿ ಇರೋವರೆಗೂ."

"ಎರಡನೇದು?"

"ಅವತ್ತು ನಿಮಗೆ ಮಾರಿದವರು, ಅಂಕಿ ತಪ್ಪಾಗಿದೆ, ಯಾಕೆ ತಪ್ಪಾಯ್ತು ಅಂತ ಬರೆದು ಸಹಿ ಹಾಕಿ ನೋಟರಿ ಮುದ್ರೆ ಹಾಕಿಸಿ ಕೊಡ್ಬೇಕು. ಯಾರು ಮಾರಿದ್ದು?"

ನಾನು ಟೈಟಲ್ ಮಡಿಚಿ ಜೇಬಿಗಿಟ್ಟೆ. ಮಾರಿದವನು ಡೆಲ್ಬರ್ಟ್ ಕ್ರುಪ್ಕಾ. ಊರಿನ ಮಾಂಸದಂಗಡಿಯವನು, ಒಂದು ಕಾಲದಲ್ಲಿ ನನ್ನ ಜೀವದ ಗೆಳೆಯ. ಒಂಬತ್ತು ವರ್ಷದ ಹಿಂದೆ, ಜಿಂಕೆ ಬೇಟೆ ಶುರುವಾಗುವ ಹಿಂದಿನ ದಿನ, ಅವನ ತಕ್ಕಡಿ ಅರ್ಧ ಔನ್ಸು ಹೆಚ್ಚು ತೋರಿಸುತ್ತಿದೆ ಎಂದು ಅದಕ್ಕೆ 'ಬಳಸಕೂಡದು' ಎಂಬ ಕೆಂಪು ಚೀಟಿ ಕಟ್ಟಿ ಬಂದವನು ನಾನು. ಬೇಟೆಯವರೆಲ್ಲ ಜಿಂಕೆ ತಂದು ಕೊಯ್ಯಿಸುವ, ವರ್ಷದ ಭರ್ತಿ ವ್ಯಾಪಾರದ ಎರಡು ದಿನ ಅವನು ಕೈಕಟ್ಟಿ ಕೂತ. ಅಂದಿನಿಂದ ನಮಗೆ ಮಾತಿಲ್ಲ. ಆರ್ಡಿತ್ ಮಾತ್ರ ಹೋಗಿ ಬರುತ್ತಾಳೆ. ಅವಳ ಅರ್ಧ ಹಂದಿ ಈಗ ನೇತಾಡುತ್ತಿರುವುದೂ ಅವನ ಅಂಗಡಿಯಲ್ಲೇ.

"ಹೋಗಿ ಕೇಳಿ," ಎಂದಳು ಆರ್ಡಿತ್. "ಡೆಲ್ಬರ್ಟ್ ನಿಮ್ಮನ್ನೇನು ಕೊಯ್ದು ಪೊಟ್ಟಣ ಕಟ್ಟಲ್ಲ."

"ಆರ್ಡಿತ್, ಆ ಟಿಕ್ ಹಾಕಿದ್ರೆ ನನ್ನ ಹೆಸರು..."

"ಅದಕ್ಕೇ ಹೋಗಿ ಅಂದಿದ್ದು."

ಮಂಗಳವಾರ ಹೋದೆ. ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತೆ. ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಯ ಮೇಲೆ ನನ್ನ ಕೆಂಪು ಚೀಟಿ ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿತ್ತು, ಪಕ್ಕದಲ್ಲಿ ಅವನ ಅಪ್ಪನ ಫೋಟೋ. ಡೆಲ್ಬರ್ಟ್ ಚಾಕು ಒರೆಸುತ್ತ ನನ್ನನ್ನು ನೋಡಿದ. ನಾನು ವಿಷಯ ಹೇಳಿದೆ. 

ಅವನು ಕಾಗದ ಇಸಕೊಂಡು ಬಹಳ ಹೊತ್ತು ನೋಡಿದ. ನನ್ನನ್ನೂ ನೋಡಿದ. ಆಮೇಲೆ, "ಸರಿ. ನನ್ನ ತಪ್ಪು ಅಂತ ಬರಕೊಡ್ತೀನಿ ಬಿಡು," ಎಂದ.

ಅಷ್ಟೇ! ಒಂದು ಕೊಂಕಿಲ್ಲ, ಒಂದು ಬೈಗುಳವಿಲ್ಲ. 'ಮಾರುವಾಗ ನಾನು ಕೊನೆಯ ಅಂಕಿಯನ್ನೂ ಸೇರಿಸಿ ತಪ್ಪಾಗಿ ಬರೆದೆ' ಎಂದು ಬರೆದ. ಪಕ್ಕದ ಬ್ಯಾಂಕಿಗೆ ಬಂದು ಅಲ್ಲಿನ ನೋಟರಿಯಿಂದ ಮುದ್ರೆ ಹಾಕಿಸಿಕೊಟ್ಟ. ಮೇಲಾಗಿ ಅಂಗೈ ದಪ್ಪದ ಎರಡು ತುಂಡು ಮಾಂಸ ಕಾಗದದಲ್ಲಿ ಸುತ್ತಿ, "ತಪ್ಪುಕಾಣಿಕೆ ಅಂದ್ಕೋ," ಎಂದು ಕೈಗಿಟ್ಟ.

ಅಲ್ಲಿಗೆ ಬಾಯಿ ಮುಚ್ಚಿಕೊಂಡು ಬರಬೇಕಿತ್ತು. ಬರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಚಟ. "ನೋಡು ಡೆಲ್ಬರ್ಟ್," ಎಂದೆ, ಅವನ ಹೆಗಲ ಮೇಲೆ ಕೈ ಹಾಕಿ, "ಅಂಕಿಯ ವಿಷಯದಲ್ಲಿ ಮನುಷ್ಯ ಎಚ್ಚರವಾಗಿರಬೇಕು ಕಣಪ್ಪ. ಸಣ್ಣ ತಪ್ಪು ಅಂತ ನಾವು ಬಿಟ್ಟುಬಿಡ್ತೀವಿ. ಅದು ಇನ್ನೊಬ್ಬರ ಮಾನ ತೆಗೆಯುತ್ತೆ."

"ಹೌದಪ್ಪ," ಎಂದ ಡೆಲ್ಬರ್ಟ್. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ.

ಸಂಜೆ ಆರ್ಡಿತ್ ಆ ಮಾಂಸವನ್ನು ಬೆಣ್ಣೆಯಲ್ಲಿ ಹದವಾಗಿ ಹುರಿದಳು. ಜೊತೆಗೆ ಸೇಬಿನ ಗೊಜ್ಜು. ನಾನು ದಿಗ್ವಿಜಯ ಮುಗಿಸಿ ಬಂದ ಚಕ್ರವರ್ತಿಯ ಹಾಗೆ ಕೂತು ಮೊದಲ ತುಂಡು ಕತ್ತರಿಸಿದೆ. ಬೆರಳಿಗೆ ರಸ ಮೆತ್ತಿಕೊಂಡಿತು. ಒರೆಸಿಕೊಳ್ಳಲು ಬಟ್ಟೆಗೆ ಕೈ ಚಾಚಿದವನು ಹಾಗೇ ಕೂತುಬಿಟ್ಟೆ.

ಹದಿನಾಲ್ಕು ವರ್ಷದ ಹಿಂದಿನ ಆ ಬೆಳಿಗ್ಗೆ ಕಣ್ಣಮುಂದೆ ಬಂತು. ಡೆಲ್ಬರ್ಟ್ ಮೊಣಕೈವರೆಗೂ ಸಾಸೇಜಿನ ಕೈಮಾದಲ್ಲಿದ್ದ. "ವೆಂಡೆಲ್, ನನ್ನ ಕೈ ನೋಡು. ಮೀಟರು ನೋಡಿ ಮಾರಾಟದ ಕಾಗದ ನೀನೇ ತುಂಬಿಬಿಡು ಮಾರಾಯ, ನಾನು ಸಹಿ ಮಾತ್ರ ಹಾಕ್ತೀನಿ," ಎಂದಿದ್ದ. ನಾನು ಹೊರಗೆ ಹೋಗಿ ಬಗ್ಗಿ ನೋಡಿದೆ. ಪಂಪಿನ ಮೀಟರಿನಲ್ಲಿ ಕಾಣುವ ಪ್ರತಿಯೊಂದು ಅಂಕಿಯನ್ನೂ ಬರೆಯಬೇಕು, ಕೊನೆಯದನ್ನೂ ಬಿಡಕೂಡದು. ನನ್ನ ಇಲಾಖೆಯ ನಿಯಮ ಅದು. ಆ ನಿಯಮದಂತೆ ಎಡದಿಂದ ಬಲಕ್ಕೆ ಆರೂ ಅಂಕಿಗಳನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದವನು ಸಾಕ್ಷಾತ್ ನಾನೇ.

"ಯಾಕ್ರೀ, ಬೆಂದಿಲ್ವಾ?" ಎಂದಳು ಆರ್ಡಿತ್.

"ಬೆಂದಿದೆ. ಯಾಕೋ ಹೊಟ್ಟೆ ಸರಿ ಇಲ್ಲ," ಎಂದು ತಟ್ಟೆ ಸರಿಸಿದೆ.

ಬುಧವಾರವೂ ಹೊಟ್ಟೆ ಸರಿ ಇರಲಿಲ್ಲ. ಗುರುವಾರವೂ ಇರಲಿಲ್ಲ. ಮನಸ್ಸಿನಲ್ಲೇ ವಾದ ಹೂಡಿದೆ. ಡೆಲ್ಬರ್ಟ್ ತಾನಾಗಿ ಒಪ್ಪಿಕೊಂಡಿದ್ದಾನೆ, ನಾನೇನು ಕತ್ತು ಹಿಸುಕಿದೆನೇ? ಅವನಿಗೆ ಮರೆತಿದೆ, ನೆನಪಿಸಿ ಯಾಕೆ ನೋಯಿಸಬೇಕು? ಕಾಗದಕ್ಕೆ ಮುದ್ರೆಯೂ ಬಿದ್ದಿದೆ. ವಾದವೆಲ್ಲ ಚೆನ್ನಾಗಿಯೇ ಇತ್ತು. ಗಂಟಲಲ್ಲಿ ಮಾತ್ರ ಏನೂ ಇಳಿಯುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೋಟೆಲಿಗೆ ಹೋದರೆ ಗಾರ್ಡಿ ಎದ್ದು ಬಂದು ಕೈಕುಲುಕಿದ. "ತಪ್ಪು ತಿಳ್ಕೋಬೇಡ ವೆಂಡೆಲ್. ಡೆಲ್ಬರ್ಟ್‌ದಂತೆ ತಪ್ಪು, ಬ್ಯಾಂಕಿನವರು ಹೇಳಿದ್ರು. ಆರು ಅಂಕಿ ನೆಟ್ಟಗೆ ಬರೆಯೋಕೆ ಬರದವನು ತೂಕ ಎಷ್ಟು ನೆಟ್ಟಗೆ ಹಾಕ್ತಾನೆ ಹೇಳು? ಅವತ್ತು ನೀನು ಕೆಂಪು ಚೀಟಿ ಕಟ್ಟಿದ್ದು ಸುಮ್ಮನೆ ಅಲ್ಲ. ಈ ಸಲ ನನ್ನ ಜಿಂಕೆ ಪಕ್ಕದ ಊರಿಗೆ ತಗೊಂಡು ಹೋಗ್ತೀನಿ. ಇವರೂ ಅಲ್ಲಿಗೇ ಬರ್ತಾರಂತೆ."

ಮೇಜಿನ ಸುತ್ತ ಕೂತಿದ್ದ ನಾಲ್ಕು ಟೋಪಿಗಳು ಹೌದು ಹೌದು ಎಂದು ಅಲ್ಲಾಡಿದವು.

ಒಳ್ಳೆಯವನೆಂಬ ಹೆಸರು ಇಡಿಯಾಗಿ ವಾಪಸ್ಸು ಬಂದಿತ್ತು. ಆದರೆ ಜಿಂಕೆಯ ಕಾಲದಲ್ಲಿ ಊರಿನವರು ಕೈಬಿಟ್ಟರೆ ಡೆಲ್ಬರ್ಟ್ ಅಂಗಡಿಗೆ ಬೀಗ ಹಾಕಿದ ಹಾಗೇ. "ಕೂತ್ಕೊಳ್ರೋ, ಯಾರೂ ಎಲ್ಲಿಗೂ ಹೋಗ್ಬೇಡಿ. ಬರೆದದ್ದು ನಾನು!" ಎಂದು ಕೂಗಿ ಹೊರಗೆ ಬಂದೆ. ಹೊಸ ಮಂಡಿಯಲ್ಲಿ ಎಷ್ಟು ಬೇಗ ನಡೆಯಬಹುದೋ ಅಷ್ಟು ಬೇಗ ಮಾಂಸದಂಗಡಿಗೆ ಹೋದೆ.

ಅಂಗಡಿಯಲ್ಲಿ ಐದಾರು ಜನ ಗಿರಾಕಿಗಳಿದ್ದರು. ಇರಲಿ ಎಂದುಕೊಂಡು ಅವರ ಮುಂದೆಯೇ ಎಲ್ಲವನ್ನೂ ಒದರಿದೆ: ಮೀಟರು ಓದಿದ್ದು ನಾನು, ಬರೆದದ್ದು ನಾನು, ನೆನಪಾದ ಮೇಲೂ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದವನೂ ನಾನೇ.

ಡೆಲ್ಬರ್ಟ್ ಸಾಸೇಜ್ ಕಟ್ಟುವುದನ್ನು ನಿಲ್ಲಿಸಲಿಲ್ಲ. "ಗೊತ್ತು," ಎಂದ.

"ಏನು ಗೊತ್ತು?"

"ನೀನೇ ಬರೆದದ್ದು ಅಂತ. ಅವತ್ತು ನಾನು ಪೆನ್ನು ಮುಟ್ಟಿದ್ದು ಸಹಿ ಹಾಕೋವಾಗ ಮಾತ್ರ. ಪೆನ್ನೆಲ್ಲ ರಕ್ತ ಆಯ್ತು ಅಂತ ನೀನು ಗೊಣಗಿದ್ದು ನೆನಪಿದೆ."

"ಮತ್ತೆ ಯಾಕೆ ನಿನ್ನ ತಪ್ಪು ಅಂತ ಬರೆದೆ ಮಾರಾಯ?"

"ಒಂಬತ್ತು ವರ್ಷ ಆದಮೇಲೆ ಟೋಪಿ ತೆಗೆದು ಬಾಗಿಲಲ್ಲಿ ನಿಂತೆ. ಹೋಗ್ಲಿ ಪಾಪ ಅನ್ನಿಸ್ತು." ಗಂಟು ಬಿಗಿದ. "ಆಮೇಲೆ ಹೆಗಲ ಮೇಲೆ ಕೈ ಹಾಕಿ ಉಪದೇಶ ಮಾಡಿದೆ ನೋಡು, ಆಗ ನಿನ್ನ ಕಿವಿ ಕೊಯ್ದು ಇದಕ್ಕೆ ಸೇರಿಸೋಣ ಅನ್ನಿಸಿತ್ತು."

ಗಿರಾಕಿಗಳು ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ? ಅವನು ಧ್ವನಿ ತಗ್ಗಿಸಿ, "ನನ್ನ ತಕ್ಕಡಿ ನಿಜವಾಗ್ಲೂ ಹೆಚ್ಚು ತೋರಿಸ್ತಿತ್ತಾ?" ಎಂದ.

"ಅರ್ಧ ಔನ್ಸು. ಮೂರು ಸಲ ನೋಡಿದ್ದೆ."

"ಅದೂ ಗೊತ್ತು," ಎಂದ ಡೆಲ್ಬರ್ಟ್. ನನ್ನ ಕಣ್ಣಲ್ಲಿ ನೀರು ಬಂತು. ಈರುಳ್ಳಿ ಹೆಚ್ಚುತ್ತಿದ್ದರು ಎಂದು ಆಮೇಲೆ ಮನೆಯಲ್ಲಿ ಹೇಳಿದೆ.

ಸುಳ್ಳು ಕಾಗದ ಹರಿದು ಹೊಸದು ಬರೆಯಬೇಕಾಯಿತು. ಕಾರಣದ ಸಾಲನ್ನು ಈ ಸಲ ತಾನೇ ಯೋಚಿಸಿ ಬರೆಯುವುದಾಗಿ ಡೆಲ್ಬರ್ಟ್ ಹಟ ಹಿಡಿದ. ಶನಿವಾರ ಬೆಳಿಗ್ಗೆ ಟೈಟಲ್ ಕಚೇರಿಯಲ್ಲಿ, ರೆನೇಯ ಎದುರು, ಹಿಂದೆ ಹನ್ನೊಂದು ಜನ ಸಾಲು ನಿಂತಿರುವಾಗ, ಲೊರೇನ್ ಅದನ್ನು ಗಟ್ಟಿಯಾಗಿ ಓದಿದಳು: "'ತಪ್ಪಿಗೆ ಕಾರಣ: ಬೈಕು ಕೊಂಡವರು ತೂಕ ಮತ್ತು ಅಳತೆ ಇನ್‌ಸ್ಪೆಕ್ಟರ್ ಆಗಿದ್ದರು. ಅವರಿಗೆ ಮೀಟರು ಓದಲು ಬರಲಿಲ್ಲ.'"

ರೆನೇ ಬಸ್ಸಿನ ಹಿಂದಿನ ಸೀಟಿನ ಮಕ್ಕಳ ಹಾಗೆ ನಕ್ಕಳು. "ಇದು ಸುಳ್ಳಿರೋಕೆ ಸಾಧ್ಯವೇ ಇಲ್ಲ ಬಿಡಿ ಸರ್," ಎಂದು ಬೈಕು ತೆಗೆದುಕೊಂಡಳು. ಇನ್ನು ಆ ವಾಕ್ಯ ಸರ್ಕಾರದ ಕಡತದಲ್ಲಿ ನನ್ನ ಕಾಲಾನಂತರವೂ ಕ್ಷೇಮವಾಗಿರುತ್ತದೆ. ಗಾರ್ಡಿಯೂ ಅವನ ಟೋಪಿಗಳ ಬಳಗವೂ ತಮ್ಮ ಜಿಂಕೆಗಳನ್ನು ಡೆಲ್ಬರ್ಟ್‌ನ ಅಂಗಡಿಗೇ ಒಯ್ಯುವುದೆಂದು ಆಗಿದೆ. ಆಡಿಕೊಳ್ಳುವುದಕ್ಕೆ ಅವರಿಗೆ ಈಗ ನಾನೊಬ್ಬನೇ ಸಾಕು.

ಮನೆಗೆ ಬಂದರೆ ಪ್ಲಗ್ಗಿನ ಪಕ್ಕ ಫ್ರೀಜರು ಗುಂಯ್‌ಗುಡುತ್ತಿತ್ತು. ಆರ್ಡಿತ್ ಅರ್ಧ ಹಂದಿಯ ಪೊಟ್ಟಣಗಳನ್ನು ಜೋಡಿಸುತ್ತಿದ್ದಳು. ಪಕ್ಕದಲ್ಲಿ ಇನ್ನೊಂದು ಡಬ್ಬದ ತುಂಬ ಸಾಸೇಜು.

"ಇದು ನಮ್ಮ ಹಂದಿಯದಲ್ವಲ್ಲ?"

"ಅಲ್ಲ. ಡೆಲ್ಬರ್ಟ್ ಹತ್ರ ಪಂದ್ಯ ಗೆದ್ದದ್ದು," ಎಂದಳು ತಲೆಯೆತ್ತದೆ. "ಮಂಗಳವಾರ ನೀವು ಬಂದ ಮೇಲೆ, ಹಂದಿ ಹೇಗೆ ಕೊಯ್ಯಬೇಕು ಅಂತ ಕೇಳೋಕೆ ಫೋನ್ ಮಾಡಿದ್ರು. ಅಂಕಿ ಬರೆದದ್ದು ನೀವೇ ಅಂತಾನೂ, ನಡೆದದ್ದೆಲ್ಲ ಹೇಳಿದ್ರು. ನೀವು ಬಾಯಿ ಬಿಡೋದೇ ಇಲ್ಲ ಅಂತ ಅವರು. ಶನಿವಾರದೊಳಗೆ ನೀವಾಗೇ ಹೋಗಿ ಒಪ್ಕೋತೀರಿ ಅಂತ ನಾನು."

ನನಗೆ ಎದೆ ತುಂಬಿಬಂತು. ವಾರವೆಲ್ಲ ಊರಿನ ಬಾಯಿಗೆ ಬಿದ್ದು ನರಳಿದ್ದೆ. ನಲವತ್ತೊಂದು ವರ್ಷ ಒಟ್ಟಿಗೆ ಬಾಳಿದವಳು ಮಾತ್ರ ನನ್ನ ಮೇಲಿನ ನಂಬಿಕೆ ಬಿಟ್ಟಿರಲಿಲ್ಲ!

"ಆರ್ಡಿತ್," ಎಂದೆ, "ನನ್ನ ಪ್ರಾಮಾಣಿಕತೆ ಮೇಲೆ ನಿನಗೆ ಅಷ್ಟೊಂದು ಭರವಸೆ ಇತ್ತಾ?"

"ಪ್ರಾಮಾಣಿಕತೆ ಮೇಲೆ ಒಂದೇ ಪೌಂಡು ಸಾಸೇಜು ಕಟ್ಟಿದ್ದೆ ಕಣ್ರೀ," ಎಂದಳು. "ಅವತ್ತು ರಾತ್ರಿ ಊಟಕ್ಕೆ ಆ ಮಾಂಸದ ತುಂಡು ತಟ್ಟೆಯಲ್ಲೇ ಬಿಟ್ಟು ಎದ್ರಲ್ಲ, ಅದನ್ನ ನೋಡಿದ ಮೇಲೆ ಫೋನ್ ಮಾಡಿ ಇಪ್ಪತ್ತು ಪೌಂಡು ಮಾಡಿದೆ."